ಜಪಾನಿನ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಒಂದು ರಾತ್ರಿ ಆರಾಮವಾಗಿ ಕಳೆಯಲು ಎಲ್ಲಿಗೆ ಹೋಗಬೇಕು?

ಕ್ಯೋಟೊದಿಂದ ಒಂದು ರಾತ್ರಿಗೆ ಹೋಗಿಬರಬೇಕು, ಸಸ್ಯಾಹಾರಿ, ಅಪರಿಚಿತರ ನಡುವೆ ಬಟ್ಟೆ ಕಳಚಿ ಸ್ನಾನ ಮಾಡಲು ಸಂಕೋಚ ಎಂದು ಬರೆದಿದ್ದೀರಿ. ಕಿನೊಸಾಕಿಗೆ ಹೋಗಿ. ನೇರ ರೈಲಿದೆ, ಸುಮಾರು ಎರಡೂವರೆ ಗಂಟೆಯ ಹಾದಿ.

ಊರಿಗೆ ಊರೇ ಒಂದು ತಂಗುಮನೆ ಎಂಬುದು ಅಲ್ಲಿಯವರ ಮಾತು: ರೈಲು ನಿಲ್ದಾಣ ಹೆಬ್ಬಾಗಿಲು, ಬೀದಿಗಳು ಪಡಸಾಲೆ, ಸಾಂಪ್ರದಾಯಿಕ ತಂಗುಮನೆಗಳಾದ ರ್‍ಯೋಕಾನ್‌ಗಳು ಕೋಣೆ, ಸಾರ್ವಜನಿಕ ಸ್ನಾನಗೃಹಗಳು ಬಚ್ಚಲು. ನನಗೆ ಆ ಊರು ಇಷ್ಟವಾದದ್ದೇ ಇದಕ್ಕೆ. ರ್‍ಯೋಕಾನ್‌ನಲ್ಲಿ ಉಳಿದವರಿಗೆ ಈ ಸ್ನಾನಗೃಹಗಳಿಗೆ ಬೇರೆ ಶುಲ್ಕವಿಲ್ಲ. ಸಂಜೆಯಾಯಿತೆಂದರೆ ಅತಿಥಿಗಳೆಲ್ಲ ಯುಕಾತಾ ಎಂಬ ತೆಳು ಹತ್ತಿಯ ನಿಲುವಂಗಿ ಉಟ್ಟು, ಮರದ ಗೆತಾ ಮೆಟ್ಟಿ, ಓತಾನಿ ಹೊಳೆಯ ದಂಡೆಯ ವಿಲ್ಲೋ ಮರಗಳ ಕೆಳಗೆ ಟಕಟಕ ಸದ್ದು ಮಾಡುತ್ತ ಒಂದು ಸ್ನಾನದಿಂದ ಇನ್ನೊಂದಕ್ಕೆ ಹೊರಡುತ್ತಾರೆ. ಯಾರಿಗೂ ಅವಸರವಿರುವುದಿಲ್ಲ. ಯುಕಾತಾದ ಎಡ ಸೆರಗು ಮೇಲೆ ಬರಬೇಕು. ಬಲ ಸೆರಗನ್ನು ಮೇಲೆ ತಂದು ಉಡಿಸುವುದು ಶವಕ್ಕೆ ಮಾತ್ರ.

ಇನ್ನು ಸಂಕೋಚದ ಮಾತು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಸ್ನಾನ. ಒಳಗೆ ಗೋಡೆಯ ಪಕ್ಕ ಗಿಡ್ಡ ಸ್ಟೂಲುಗಳು, ಸಣ್ಣ ಬೋಗುಣಿ, ಕೈಯಲ್ಲಿ ಹಿಡಿಯುವ ಷವರ್ ಇರುತ್ತವೆ. ಕೂತುಕೊಂಡೇ ಸೋಪು ಹಚ್ಚಿ, ನೊರೆಯೆಲ್ಲ ಹೋಗುವಂತೆ ಮೈ ತೊಳೆದ ಮೇಲೆಯೇ ಕೊಳಕ್ಕಿಳಿಯಬೇಕು. ಕೈವಸ್ತ್ರವನ್ನು ನೀರಿಗೆ ಅದ್ದಬಾರದು. ಮಡಿಸಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಬಿಸಿನೀರಿಗೆ ಕುತ್ತಿಗೆವರೆಗೆ ಇಳಿದ ಮೇಲೆ ಪಕ್ಕದವರ ಕಡೆ ಯಾರ ಗಮನವೂ ಇರುವುದಿಲ್ಲ. ನೀರು ನಿಜಕ್ಕೂ ಸುಡುತ್ತದೆ, ಹಾಗಾಗಿ ಐದು ನಿಮಿಷಕ್ಕೊಮ್ಮೆ ಎದ್ದು ಅಂಚಿನಲ್ಲಿ ಕೂರಿ. ಹಚ್ಚೆಯಿದ್ದರೂ ಚಿಂತೆಯಿಲ್ಲ, ಹಚ್ಚೆಯವರನ್ನು ಹೊರಗಿಡುವ ಊರುಗಳು ಹಲವಿವೆ, ಇಲ್ಲಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಆ ತಡೆಯಿಲ್ಲ.

ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಮುಗಿಸುವ ಹಟ ಬೇಡ. ಸಂಜೆ ಎರಡು, ಬೆಳಿಗ್ಗೆ ಒಂದು ಸಾಕು. ಬೆಳಗಿನದಕ್ಕೆ ಕೋನೊಯು ಎಂಬ ಸ್ನಾನಗೃಹ ಆರಿಸಿಕೊಳ್ಳಿ: ಗಾಯಗೊಂಡ ಕೊಕ್ಕರೆಯೊಂದು ಅಲ್ಲಿಯ ನೀರಿನಲ್ಲಿ ನಿಂತು ಕಾಲು ವಾಸಿ ಮಾಡಿಕೊಂಡಿತೆಂಬ ಐತಿಹ್ಯವಿದೆ. ಒಂದೊಂದು ಸ್ನಾನಗೃಹಕ್ಕೆ ಒಂದೊಂದು ದಿನ ವಾರದ ರಜೆ, ಮೊದಲೇ ನೋಡಿಕೊಳ್ಳಿ. 1925ರ ಭೂಕಂಪ ಮತ್ತು ಬೆಂಕಿಯಲ್ಲಿ ಊರು ನೆಲಸಮವಾಗಿತ್ತು. ಜನ ಅದೇ ಹೊಳೆಯ ದಂಡೆಯಲ್ಲಿ ಮತ್ತೆ ಮರದ ಮನೆಗಳನ್ನೇ ಎಬ್ಬಿಸಿದರು. ಆ ಛಲದ ಬಗ್ಗೆ ನನಗೆ ಬಹಳ ಗೌರವವಿದೆ.

ಊಟದ ವಿಚಾರದಲ್ಲಿ ಮಾತ್ರ ಎಚ್ಚರ. ನವೆಂಬರಿನಿಂದ ಮಾರ್ಚ್‌ವರೆಗೆ ಊರೆಲ್ಲ ಏಡಿಯದೇ ಭರಾಟೆ, ಕೋಣೆಯ ಬೆಲೆಯೂ ಏರುತ್ತದೆ. ಬರಿಯ ತರಕಾರಿಯಂತೆ ಕಾಣುವ ಮಿಸೊ (ಹುದುಗಿಸಿದ ಸೋಯಾ ಹಿಟ್ಟಿನ) ಸಾರಿಗೂ ಸಾಮಾನ್ಯವಾಗಿ ಒಣಮೀನಿನ ರಸ ಬೆರೆತಿರುತ್ತದೆ. ಕೋಣೆ ಕಾದಿರಿಸುವಾಗಲೇ, ಮೀನಿನ ರಸವೂ ಬೇಡವೆಂದು ಜಪಾನಿ ಭಾಷೆಯಲ್ಲಿ ಬರೆಸಿ ಕಳುಹಿಸಿ. ಆಗುವುದಿಲ್ಲವೆಂದರೆ ಊಟವಿಲ್ಲದ ಕೋಣೆ ತೆಗೆದುಕೊಂಡು, ಕ್ಯೋಟೊದಿಂದಲೇ ಬುತ್ತಿ ಒಯ್ಯಿರಿ.