ಹದಿಹರೆಯದವರಿಗೆ ಅಧ್ಯಾತ್ಮ, ದೆವ್ವ ಎರಡೂ ಇರುವ ಕಾದಂಬರಿ ಬರೆಯಬೇಕು, ಚಿತ್ರದುರ್ಗದವಳು ನಾನು, ಎಲ್ಲಿಂದ ಶುರು ಮಾಡಲಿ?

ದೆವ್ವದಿಂದ ಬೇಡ, ನಿಮ್ಮ ನಾಯಕಿಯಿಂದ ಶುರು ಮಾಡಿ. 16 ವರ್ಷದ ಆ ಹುಡುಗಿಯನ್ನು ಏನು ಕಾಡುತ್ತಿದೆ? ತೀರಿಹೋದ ಅಜ್ಜಿಯಾ, ಅಥವಾ ಮನೆಯವರೆಲ್ಲ ನಂಬುವ ದೇವರನ್ನು ತನಗೆ ಮಾತ್ರ ನಂಬೋಕೆ ಆಗುತ್ತಿಲ್ಲ ಅನ್ನುವ ತಳಮಳವಾ? ಕಥೆಯಲ್ಲಿ ನಡೆಯುವ ವಿಚಿತ್ರ ಆ ಪ್ರಶ್ನೆಯನ್ನೇ ಕೆಣಕಬೇಕು. ಇಲ್ಲದಿದ್ದರೆ ಅದು ಸುಮ್ನೆ ಹೆದರಿಸೋದು ಅಷ್ಟೇ.

ಜಾಗಕ್ಕಂತೂ ನಿಮಗೆ ಬರವಿಲ್ಲ. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಒಮ್ಮೆ ಇಳಿದು ನೋಡಿ. ಕೆಳಗೆ ಹೋದಷ್ಟೂ ಬೆಳಕು ಕಮ್ಮಿಯಾಗುತ್ತೆ, ಟಾರ್ಚ್ ಆರಿಸಿದರೆ ನಿಮ್ಮ ಕೈ ನಿಮಗೇ ಕಾಣಲ್ಲ, ಉಸಿರಾಟ ಮಾತ್ರ ಕೇಳುತ್ತೆ. ಹಿಂದೆ ಸಾಧಕರು ಧ್ಯಾನಕ್ಕೆ ಕೂರುತ್ತಿದ್ದ ಜಾಗ ಅಂತಾರೆ. ಅವರಿಗೆ ನೆಮ್ಮದಿ ಕೊಟ್ಟ ಅದೇ ಕತ್ತಲು ನಿಮ್ಮ ಹುಡುಗಿಗೆ ನಡುಕ ಹುಟ್ಟಿಸಬಹುದು, ಅಲ್ವಾ? ಕಾದಂಬರಿ ಇರೋದೇ ಅಲ್ಲಿ.

ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನದು ಅಂತ ಜನ ಹೇಳುವ ಹಲ್ಲೊಂದಿದೆ. ಇಂಥದ್ದನ್ನು ಬರೆಯುವಾಗ ನಿಜವೋ ಸುಳ್ಳೋ ಅಂತ ನೀವು ತೀರ್ಪು ಕೊಡಬೇಡಿ. ಒಬ್ಬರು ಕೈಮುಗಿಯಲಿ, ಇನ್ನೊಬ್ಬರು ಅನುಮಾನಪಡಲಿ, ಇಬ್ಬರಿಗೂ ಮರ್ಯಾದೆ ಇರಲಿ.

ಇನ್ನೊಂದು, ನಿಮ್ಮ ಕಥೆಯ ದೆವ್ವಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಅನ್ನೋದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ನಿಯಮ ಬದಲಾಯಿಸಿದರೆ ಈ ವಯಸ್ಸಿನ ಓದುಗರು ತಕ್ಷಣ ಹಿಡಿಯುತ್ತಾರೆ.