ಹೆಸರು ಬಿಟ್ಟರೆ ಬಚಾವೇ?

ಪತ್ರ: “ಕೆರೆ ಹೂಳೆತ್ತಿದ ಕಾಮಗಾರಿಯ ಲೇಖನದಲ್ಲಿ ‘ಪ್ರಭಾವಿ ನಾಯಕರೊಬ್ಬರು’ ಎಂದಷ್ಟೇ ಬರೆದಿದ್ದೀರಿ. ನಿಜವಾಗಿದ್ದರೆ ಹೆಸರು ಹಾಕಲು ಅಂಜಿಕೆ ಏಕೆ? ಬಿಲ್ಲಿನ ನಕಲು ಇದರೊಂದಿಗಿದೆ.”

ಸಂಪಾದಕರ ಉತ್ತರ:

ಅಂಜಿಕೆ ಇರುವುದು ನಿಜ. ಆದರೆ ಹೆಸರು ಬಿಟ್ಟ ಮಾತ್ರಕ್ಕೆ ಕಾನೂನು ನಮ್ಮನ್ನು ಬಿಡುವುದಿಲ್ಲ. ಯಾರ ಬಗ್ಗೆ ಬರೆದದ್ದೆಂದು ಊರಿಗೆ ಗೊತ್ತಾದರೆ ಸಾಕು, ಮಾನನಷ್ಟದ ದೂರು ಹಾಕಬಹುದು. 1960ರಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ಜಾಹೀರಾತಿನಲ್ಲಿ ಸಲಿವನ್ ಎಂಬ ಹೆಸರೇ ಇರಲಿಲ್ಲ. ಪೊಲೀಸರನ್ನು ಬೈದರೆ ಪೊಲೀಸ್ ಉಸ್ತುವಾರಿಯಾದ ನನ್ನನ್ನೇ ಬೈದಂತೆ ಎಂದು ಆತ ದಾವೆ ಹೂಡಿದ. ಅಲಬಾಮಾದ ಜ್ಯೂರಿ 5 ಲಕ್ಷ ಡಾಲರ್ ಪರಿಹಾರವನ್ನೂ ಕೊಡಿಸಿತು. ಅದನ್ನು ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1964ರಲ್ಲಿ.

ನಮ್ಮ ಸುಪ್ರೀಂ ಕೋರ್ಟ್ ಕೂಡ 1994ರಲ್ಲಿ, ತಮಿಳು ಪತ್ರಿಕೆ ‘ನಕ್ಕೀರನ್’ ಪ್ರಕರಣದಲ್ಲಿ, ಪತ್ರಿಕೆಗಳಿಗೆ ಒಳ್ಳೆಯ ಆಸರೆ ಕೊಟ್ಟಿತು. ಸಾರ್ವಜನಿಕ ದಾಖಲೆ ಆಧರಿಸಿ ಬರೆಯಬಹುದು. ಅಧಿಕಾರಿಯ ಕರ್ತವ್ಯದ ಬಗ್ಗೆ ತಕ್ಕಮಟ್ಟಿಗೆ ಪರಿಶೀಲಿಸಿ ಬರೆದಿದ್ದರೆ, ಆಮೇಲೆ ತಪ್ಪೆಂದು ಕಂಡರೂ ಪರಿಹಾರ ಕೇಳುವಂತಿಲ್ಲ.

ಆದರೆ ಅದು ಸಿವಿಲ್ ದಾವೆಯ ಮಾತು. ಕ್ರಿಮಿನಲ್ ದೂರಿನ ದಾರಿ ಬೇರೆ. ಹಿಂದೆ ಭಾರತೀಯ ದಂಡ ಸಂಹಿತೆಯ 499ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ನಂಬರ್ ಬದಲಾಗಿದೆ, ಗುಣವಲ್ಲ. ಅಲ್ಲಿ ನಿಜ ಹೇಳಿದ್ದೇನೆ ಎಂದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೇನೆ ಎಂದೂ ತೋರಿಸಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಹಳೆಯ 499ನೇ ಕಲಮನ್ನು ಎತ್ತಿಹಿಡಿಯಿತು, ನನಗಂತೂ ಅದು ಇಂದಿಗೂ ಒಪ್ಪಿಗೆಯಾಗಿಲ್ಲ. ರಾಹುಲ್ ಗಾಂಧಿ 2019ರಲ್ಲಿ ಮಾತನಾಡಿದ್ದು ಕೋಲಾರದಲ್ಲಿ, ಆ ಮಾತು ಮಾನನಷ್ಟವೆಂದು 2023ರಲ್ಲಿ ಎರಡು ವರ್ಷದ ಶಿಕ್ಷೆ ಬಿದ್ದದ್ದು ಸೂರತ್ತಿನಲ್ಲಿ. ಒಂದು ದಿನ ಕಡಿಮೆಯಿದ್ದಿದ್ದರೂ ಸಂಸತ್ ಸದಸ್ಯತ್ವ ಹೋಗುತ್ತಿರಲಿಲ್ಲ ಎಂದು ಸುಪ್ರೀಂ ಕೋರ್ಟೇ ಆಮೇಲೆ ತಡೆಯಾಜ್ಞೆ ಕೊಡುವಾಗ ಹೇಳಿತು.

ಶಿಕ್ಷೆಗಿಂತ ನಾವು ಹೆದರುವುದು ವಾಯಿದೆಗೆ. ಹಿಂದೊಮ್ಮೆ ನಮ್ಮ ಮೇಲೂ ಖಾಸಗಿ ದೂರು ಬಿದ್ದಿತ್ತು. ಬೆಳಗಿನ ಮೊದಲ ಬಸ್ಸು, ಕೋರ್ಟಿನ ವರಾಂಡದ ಕಲ್ಲುಬೆಂಚು, ಹೆಸರು ಕೂಗಿದಾಗ ಕೈಕಟ್ಟಿ ನಿಲ್ಲುವುದು, ಮುಂದಿನ ತಾರೀಖನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಳ್ಳುವುದು. ಕೊನೆಗೆ ದೂರುದಾರರೇ ದೂರು ಹಿಂಪಡೆದರು. ಅಷ್ಟರಲ್ಲಿ ನಮ್ಮ ವರದಿಗಾರ ಕೆಲಸ ಬಿಟ್ಟು ಬೇರೆ ಊರು ಸೇರಿದ್ದ.

ನೀವು ಕಳಿಸಿದ ನಕಲಿನಲ್ಲಿ ಮೊತ್ತ ಕಾಣುತ್ತದೆ, ಸಹಿ ಕಾಣುವುದಿಲ್ಲ. ಮೊಹರಿನ ಅರ್ಧ ಭಾಗ ಜೆರಾಕ್ಸಿನಲ್ಲಿ ಕಪ್ಪಾಗಿದೆ. ಮಾಹಿತಿ ಹಕ್ಕಿನಲ್ಲಿ ಅಳತೆ ಪುಸ್ತಕದ್ದೂ ಬಿಲ್ಲಿನದ್ದೂ ದೃಢೀಕೃತ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅದು ಕೈಗೆ ಬಂದ ವಾರವೇ ಆ ನಾಯಕರ ಪ್ರತಿಕ್ರಿಯೆ ಕೇಳಿ, ಹೆಸರು ಹಾಕಿಯೇ ಪ್ರಕಟಿಸುತ್ತೇವೆ.