ವೃದ್ಧಾಶ್ರಮದ ವ್ಯವಸ್ಥಾಪಕರ ಹೊಣೆ ಎಲ್ಲಿಯವರೆಗೆ?

ತಾಯಿಯನ್ನು ಕಾಸರಗೋಡಿನ ವೃದ್ಧಾಶ್ರಮವೊಂದಕ್ಕೆ ಸೇರಿಸುವ ಮುನ್ನ ಅಲ್ಲಿನ ವ್ಯವಸ್ಥಾಪಕರಿಂದ ಏನನ್ನು ನಿರೀಕ್ಷಿಸಬಹುದೆಂದು ತಾವು ಕೇಳಿದ್ದೀರಿ.

ದಿನಸಿ, ಲೆಕ್ಕಪತ್ರ, ಸಂಬಳಗಳು ಅವರ ಕೆಲಸವೇ. ಆದರೆ ಅದಕ್ಕಿಂತ ದೊಡ್ಡ ಹೊಣೆಯೆಂದರೆ, ಯಾವ ಮದ್ದು ಯಾವ ಹೊತ್ತಿಗೆ, ನಡೆಯಲು ಆಸರೆ ಬೇಕೇ, ನುಂಗಲು ಕಷ್ಟವಿದೆಯೇ ಎಂಬುದನ್ನು ಪ್ರತಿಯೊಬ್ಬರ ವಿಷಯದಲ್ಲೂ ಬರೆದಿರಿಸಿ, ಆರೋಗ್ಯ ಬದಲಾದಂತೆ ತಿದ್ದುತ್ತಿರುವುದು. ಪಾಳಿ ಬದಲಾಗುವಾಗ ಈ ಮಾಹಿತಿ ಕೈತಪ್ಪಿದರೆ ಒಂದೇ ಮಾತ್ರೆಯನ್ನು ಎರಡು ಸಲ ಕೊಡುವಂತಹ ಪ್ರಮಾದಗಳಾಗುತ್ತವೆ; ಆದುದರಿಂದ ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ಅವರಿಗೆ ವಿಷಯ ಹೇಗೆ ದಾಟುತ್ತದೆ ಎಂಬುದನ್ನು ಅಗತ್ಯವಾಗಿ ಕೇಳಿರಿ. ಬಿದ್ದು ಪೆಟ್ಟಾದುದನ್ನೂ ಹಾಸಿಗೆ ಹುಣ್ಣನ್ನೂ ಮುಚ್ಚಿಡದೆ ಮನೆಯವರಿಗೆ ತಿಳಿಸಬೇಕಾದವರು ವ್ಯವಸ್ಥಾಪಕರೇ.

ನಮ್ಮ ಜಿಲ್ಲೆಯಲ್ಲಿ ಭಾಷೆಯೂ ಆರೈಕೆಯ ಭಾಗವೆಂದೇ ನನ್ನ ಅಭಿಪ್ರಾಯ. ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಹಿರಿಯರ ಬಳಿ ಮಲಯಾಳ ಮಾತ್ರ ತಿಳಿದ ಸಹಾಯಕರಿದ್ದರೆ, ನೋವು ಎಲ್ಲಿದೆ ಎಂಬುದೇ ತಿಳಿಯದೆ ಹೋದೀತು. ಮರೆವಿನ ಕಾಯಿಲೆಯವರಲ್ಲಿ ನಂತರ ಕಲಿತ ಭಾಷೆ ಮೊದಲು ಮಾಸುವುದೂ ಉಂಟು.

2007ರ ಹಿರಿಯ ನಾಗರಿಕರ ಕಾಯಿದೆಯ 19ನೆಯ ಕಲಮು ವೃದ್ಧಾಶ್ರಮಗಳ ಗುಣಮಟ್ಟವನ್ನು ನಿಗದಿಪಡಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಟ್ಟಿದೆ; ನೋಂದಣಿ ಪತ್ರವನ್ನು ಕೇಳಿ ನೋಡಿರಿ. ಮದ್ದನ್ನು ಬದಲಿಸುವುದು ಮಾತ್ರ ವ್ಯವಸ್ಥಾಪಕರ ಅಧಿಕಾರವಲ್ಲ, ಅದು ವೈದ್ಯರದು.